ಮನೆಅಳಿಯನ ಉಕ್ಕು

ಜಲಜನಕದ ಉರಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ನಮ್ಮ ಬೆಟಗೇರಿಯಲ್ಲಿ ಒಲೆ ಹಚ್ಚಿದ ಕೂಡಲೇ ಹೆಂಗಸರು ಅದರ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸುತ್ತಾರೆ. ಉರಿ ಇದ್ದರೆ ಅರಿಷಿಣದ ಬಣ್ಣದಲ್ಲಿ ಒಮ್ಮೆ ತಲೆ ಎತ್ತಿ ತೋರಿಸಿ ಮತ್ತೆ ಮಾಯವಾಗುತ್ತದೆ. ಈ ಹೊಸ ಒಲೆ ಬಂದ ಮೊದಲಲ್ಲಿ ಎಲ್ಲರೂ ಹೆದರಿದ್ದರು. ನಮ್ಮ ಅವ್ವ ಮಾತ್ರ ಹೆದರಲಿಲ್ಲ. "ನಮ್ಮ ಮನಿ ಉಪ್ಪು ತಿಂದೈತಿ, ಇನ್ನ ನಮ್ಮನ್ನ ಸುಡಂಗಿಲ್ಲ ಬಿಡು," ಅಂದಿದ್ದಳು.

ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕರೆಂಟು ಮಾಡುತ್ತವೆ, ಆ ಕರೆಂಟು ನೀರನ್ನು ಒಡೆಯುತ್ತದೆ, ಒಡೆದ ನೀರಿನಿಂದ ಬಂದ ಜಲಜನಕ ಕೊಳವೆಯಲ್ಲಿ ಇಳಿದು ನಮ್ಮ ಓಣಿಯ ತುದಿಯ ಟ್ಯಾಂಕಿಗೆ ಬರುತ್ತದೆ. ಎಲ್ಲ ಓಣಿಗಳಿಗೂ ಒಂದೊಂದು ಟ್ಯಾಂಕು, ಒಂದೊಂದು ಸಂಘ. ಟ್ಯಾಂಕಿನ ಮುಚ್ಚಳದ ಸುತ್ತ ಮುಂಗೈ ದಪ್ಪದ ಬೋಲ್ಟುಗಳಿವೆ. ಒಳಗಿನ ಒತ್ತಡವನ್ನೆಲ್ಲ ಹಿಡಿದು ನಿಂತಿರುವುದು ಆ ಬೋಲ್ಟುಗಳೇ. ಅವುಗಳನ್ನು ಬಿಗಿಯುವವರು, ನೋಡಿಕೊಳ್ಳುವವರು ನಮ್ಮ ಮಾಮಾ, ಅಂದರೆ ನನ್ನ ಅಕ್ಕ ಪಾರಕ್ಕನ ಗಂಡ, ಫಕ್ಕೀರಪ್ಪ.

ಮಾಮಾ ನಮ್ಮ ಮನೆಯ ಮನೆಅಳಿಯ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಲ್ಲಬಾರದು ಎಂದು ಅವ್ವ ಅಕ್ಕನನ್ನು ಕೊಟ್ಟು ಅವರನ್ನು ಇಲ್ಲೇ ಇಟ್ಟುಕೊಂಡಳು. ಮಾಮಾಗೆ ಮಗ್ಗ ಬರಲಿಲ್ಲ, ಬೋಲ್ಟು ತಿರುಗಿಸುವ ಪಾನಾ ಬಂತು. ಸಂಘದಲ್ಲಿ ಕೆಲಸ ಸಿಕ್ಕಿತು.

ಟ್ಯಾಂಕಿರುವ ಅಂಗಳದಲ್ಲೇ ಸಂಘದ ಲ್ಯಾಬು, ಅಲ್ಲಿ ನನಗೂ ಕೆಲಸ. ಹುಯಿಲಗೋಳ ಮೇಡಂ ಉಕ್ಕನ್ನು ಪರೀಕ್ಷಿಸುವವರು. ಅವರು ಕತ್ತರಿಸಿ ಕೊಟ್ಟ ಉಕ್ಕಿನ ಚೂರುಗಳನ್ನು ಒರೆಸಿ, ಚಿಮುಟದಲ್ಲಿ ಹಿಡಿದು, ಯಂತ್ರದ ಬಾಯಿಗೆ ಇಡುವುದು ನನ್ನ ಕೆಲಸ. ಅಲ್ಲಿ ಮಾತಾಡುವ ಅಗತ್ಯವಿಲ್ಲ. ಅದಕ್ಕೇ ನನಗೆ ಆ ಕೆಲಸ ಸೇರುತ್ತದೆ.

ಜಲಜನಕಕ್ಕಿಂತ ಸಣ್ಣ ಅಣು ಬೇರೆ ಇಲ್ಲ. ಅದು ಉಕ್ಕಿನೊಳಗೂ ನುಗ್ಗುತ್ತದೆ, ನುಗ್ಗಿ ಒಳಗೆ ತಿರುಗುತ್ತದೆ. ಎಲ್ಲಿ ಉಕ್ಕು ಜಗ್ಗಿ ಬಿಗಿಯಾಗಿದೆಯೋ ಅಲ್ಲಿ ಗುಂಪುಗೂಡಿ, ಒಂದು ದಿನ ಸದ್ದಿಲ್ಲದೆ ಅದನ್ನು ಸೀಳುತ್ತದೆ. ಮೊದಲಿನ ಟ್ಯಾಂಕುಗಳೆಲ್ಲ ಹಾಗೇ ಹೋದವು. ಈಗಿನ ಟ್ಯಾಂಕು, ಬೋಲ್ಟುಗಳ ಹೊಸ ಉಕ್ಕನ್ನು ಮಾಡಿದವರು ಅದರೊಳಗೆ ಬೇಕೆಂದೇ ಊನಗಳನ್ನು ಇಟ್ಟರು. ಸಂಘದ ಸಭೆಯಲ್ಲಿ ಮೇಡಂ ಇದನ್ನು ವಿವರಿಸಲು ನಿಂತಾಗ, ಎದುರಿಗೆ ಕೂತವರಲ್ಲಿ ಹೆಚ್ಚಿನವರು ನೇಕಾರರು.

"ಹಾಸಿನ್ಯಾಗ ಎಲ್ಲಾ ಎಳಿ ಸಾಲಾಗಿ ಇರ್ತಾವ, ಹೌದಲ್ರಿ? ಉಕ್ಕಿನ್ಯಾಗೂ ಹಂಗ, ಅಣು ಸಾಲಾಗಿ ಇರ್ತಾವ. ಎಲ್ಲೋ ಒಂದ ಕಡೆ ಎಳಿ ತಪ್ಪಿರ್ತದ, ಗಂಟ ಬಿದ್ದಿರ್ತದ. ಅಲ್ಲಿ ಒಂದ ಸಣ್ಣ ಕುಣಿ ಆಗ್ತದ. ತಿರಗೂ ಜಲಜನಕ ಅಂಥಾ ಕುಣ್ಯಾಗ ಬಂದ ಕೂತಿತಂದ್ರ ಏಳೂದಿಲ್ಲ. ಈ ಉಕ್ಕಿನ್ಯಾಗ ಅಂಥಾ ಕುಣಿ ಸಾವಿರಗಟ್ಲೆ ಮಾಡಿಟ್ಟಾರ. ಬಂದದ್ದು ಕೂಡ್ತದ, ಸುಮ್ಮನ ಇರ್ತದ, ಉಕ್ಕು ಉಳೀತದ."

ಹಿಂದಿನಿಂದ ಒಬ್ಬ ಕೇಳಿದ, "ಅಂದ್ರ ಒಮ್ಮೆ ಬಂದದ್ದು ಹೊಳ್ಳಿ ಹೋಗೂದ ಇಲ್ಲೇನ್ರಿ?"

"ಇಲ್ಲ. ಭಾಳ ಕಾಸಿದ್ರ ಮಾತ್ರ."

"ಹಂಗಾರ ಮನಿ ಅಳ್ಯಾ ಅನ್ರಲಾ."

ಸಭೆಯೆಲ್ಲ ನಕ್ಕಿತು. ಎಷ್ಟೋ ತಲೆಗಳು ಮಾಮಾನ ಕಡೆ ಹೊರಳಿದವು. ಮಾಮಾ ಕೂಡ ನಕ್ಕರು. ನಗುತ್ತ, ಆಗಲೇ ಮಡಚಿದ್ದ ಅಂಗಿಯ ತೋಳನ್ನು ಇನ್ನೊಮ್ಮೆ ಬಿಚ್ಚಿ ಮಡಚಿದರು.

ಅಂದಿನಿಂದ ಅದು ಮನೆಅಳಿಯನ ಉಕ್ಕೇ ಆಯಿತು. ಲ್ಯಾಬಿನಲ್ಲೂ ಅದೇ ಮಾತು ಉಳಿಯಿತು. ನಮ್ಮ ಯಂತ್ರ ಉಕ್ಕಿನ ಚೂರನ್ನು ಮೆಲ್ಲಗೆ ಕಾಸುತ್ತ ಹೋಗಿ, ಯಾವ ಬಿಸಿಗೆ ಎಷ್ಟು ಜಲಜನಕ ಹೊರಬಂತು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಗುಡ್ಡದ ಹಾಗೆ ಏರುತ್ತದೆ, ಇಳಿಯುತ್ತದೆ. ಸ್ವಲ್ಪ ಬಿಸಿಗೇ ಎದ್ದುಬರುವುದು ಬರೀ ತಿರುಗುವ ಜಲಜನಕ. ಅದು ನೆಂಟರ ಗುಡ್ಡ. ಭಾರೀ ಬಿಸಿಗೆ, ಬಹಳ ತಡವಾಗಿ ಏಳುವುದು ಕುಣಿಯಲ್ಲಿ ಕೂತದ್ದು. ಅದು ಅಳಿಯನ ಗುಡ್ಡ. ನೆಂಟರು ಕಡಿಮೆ ಇದ್ದು ಅಳಿಯ ಎಷ್ಟಿದ್ದರೂ ಉಕ್ಕು ಗಟ್ಟಿ ಎಂದೇ ಲೆಕ್ಕ.

ಮನೆಯಲ್ಲಿ ಮಾತ್ರ ಯಾರೂ ಆ ಪದ ಆಡುತ್ತಿರಲಿಲ್ಲ. ಮಾಮಾಗೆ ಮುಂಡರಗಿಯಲ್ಲಿ ಅಣ್ಣ ಇದ್ದಾರೆ. ಅಲ್ಲಿ ಅವರದು ಪಂಪ್‌ಸೆಟ್ ದುರಸ್ತಿಯ ಅಂಗಡಿ. "ದೀಪಾವಳಿ ಮುಗಿಸಿ ಬಂದಬಿಡೋ, ಇಬ್ಬರೂ ಕೂಡಿ ನಡಸೂಣು," ಎಂದು ಫೋನು ಮಾಡುತ್ತಲೇ ಇದ್ದರು. ಮಾಮಾ ಹೋದರೆ ಅಕ್ಕನೂ ಹೋಗುತ್ತಾಳೆ. ಅಕ್ಕ ಹೋದರೆ ಮನೆಯಲ್ಲಿ ಅವ್ವನೂ ನಾನೂ, ಮಾತಿಲ್ಲದ ಇಬ್ಬರೇ. ಈ ವಿಷಯ ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮಾಮಾ ಆಗಾಗ ತಮ್ಮ ಟ್ರಂಕನ್ನು ತೆಗೆದು ನೋಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು.

ಆ ವರ್ಷ ಟ್ಯಾಂಕಿನ ಬೋಲ್ಟುಗಳನ್ನು ಬದಲಿಸುವ ಕಾಲ ಬಂದಿತ್ತು. ವಿಜಯದಶಮಿಯ ದಿನ ಹೊಸವನ್ನು ಹಾಕುವುದೆಂದು ನಿಶ್ಚಯವಾಯಿತು, ಒಳ್ಳೆಯ ದಿನ ಎಂದು. ಹಿಂದಿನ ದಿನ ಆಯುಧಪೂಜೆ, ನಮ್ಮ ಖಂಡೆ ಪೂಜೆ. ಖಂಡೆ ಪೂಜೆ ಎಂದರೆ ನಮ್ಮಲ್ಲಿ ಮಗ್ಗದ ಲಾಳಿಯಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲವನ್ನೂ ಬೆಳಗಿ ಇಡಬೇಕು. ಹೊಸ ಬೋಲ್ಟುಗಳು ಎಣ್ಣೆ ಮೆತ್ತಿದ ಕಂದು ಬಣ್ಣದವು. ಅಂಥವನ್ನು ಪೂಜೆಗೆ ಇಡುವುದು ಮಾಮಾಗೆ ಸರಿಬರಲಿಲ್ಲ.

ಅಂಗಳದ ಹಿಂದೆ ಅವರು ಬಕೀಟುಗಳನ್ನು ಸಾಲಾಗಿ ಇಟ್ಟಿದ್ದರು. ಮೂಗಿಗೆ ಬಚ್ಚಲು ತೊಳೆಯುವ ಆ್ಯಸಿಡ್ಡಿನ ವಾಸನೆ ಬಡಿಯಿತು. ಬೋಲ್ಟುಗಳು ಅದರಲ್ಲಿ ಮುಳುಗಿದ್ದವು. ಮೈತುಂಬ ಸಣ್ಣ ಸಣ್ಣ ಗುಳ್ಳೆ.

"ನೋಡ ಕಸ್ತೂರವ್ವಾ, ಹ್ಯಾಂಗ ಮೈ ತೊಳಕೊಳ್ಳಾಕತ್ತಾವ," ಅಂದರು ಮಾಮಾ. ಅಷ್ಟು ಖುಷಿಯಲ್ಲಿ ನಾನು ಅವರನ್ನು ನೋಡಿದ್ದೇ ಇಲ್ಲ. "ಎರಡ ಸಲಾ ಅದ್ದಿ, ಬೂದಿ ಹಚ್ಚಿ ತಿಕ್ಕಿದ್ರ ಕನ್ನಡಿ ಆಕ್ಕಾವ."

ಕನ್ನಡಿಯೇ ಆದವು. ಪೂಜೆಗೆ ಓಣಿಯೆಲ್ಲ ಬಂತು. ಸೇವಂತಿಗೆ ಹೂವಿನ ನಡುವೆ ಬೋಲ್ಟುಗಳು ಬೆಳ್ಳಿಯ ಸಾಮಾನಿನ ಹಾಗೆ ಕೂತಿದ್ದವು. ಅವ್ವ ಕುಂಕುಮ ಹಚ್ಚುತ್ತ ಹಚ್ಚುತ್ತ ನಿಂತಳು. ಎಲ್ಲರಿಗೂ ಕೇಳುವ ಹಾಗೆ, "ಎಷ್ಟ ಚಂದ ಬೆಳಗೀರಿ ಅಳ್ಯಾರ. ನಮ್ಮ ಮನ್ಯಾಗ ಇಂಥಾ ಕೈ ಯಾರದೂ ಇರಲಿಲ್ಲ," ಅಂದಳು.

ಅವ್ವ ಯಾರನ್ನೂ ಹೊಗಳುವವಳಲ್ಲ. ಮಾಮಾ ತಲೆ ತಗ್ಗಿಸಿ ಊದಿನಕಡ್ಡಿ ಹಚ್ಚಿದರು, ಅದು ಆಗಲೇ ಹತ್ತಿತ್ತು.

ಮರುದಿನ ಬೋಲ್ಟುಗಳನ್ನು ಬಿಗಿದರು, ಟ್ಯಾಂಕು ತುಂಬಿಸಿದರು. ಸಂಜೆ ಹಿತ್ತಲಲ್ಲಿ ಬಟ್ಟೆ ಮಡಚುತ್ತ ಅಕ್ಕ ನನಗೆ ಮೆಲ್ಲಗೆ ಹೇಳಿದಳು. "ಇವತ್ತ ಮುಂಡರಗಿಯಿಂದ ಫೋನ್ ಬಂದಿತ್ತ. ಯಾವಾಗಲೂ ಹೂಂ ಹೂಂ ಅಂತಿದ್ದರು. ಇವತ್ತ 'ನೋಡೂಣು ತಡಿ ಅಣ್ಣಾ' ಅಂದಾರ."

"ಅಂದ್ರ?"

"ಅಂದ್ರ ನೋಡೂಣು." ಅಕ್ಕನ ಬಾಯಿ ನಗುತ್ತಿತ್ತು. "ಅವ್ವ ಒಂದ ಮಾತ ಆಡಿದ್ಲಲ್ಲ, ಅದಕ್ಕ."

ಹೊಸ ಬೋಲ್ಟು ಬಂದಾಗ ಒಂದನ್ನು ಲ್ಯಾಬಿಗೆ ಕೊಡುವುದು ಪದ್ಧತಿ. ಅದೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಬ್ಬದ ರಜೆ ಮುಗಿದ ಬೆಳಿಗ್ಗೆ ಮೇಡಂ ಅದನ್ನು ಕತ್ತರಿಸಿದರು. ನಾನು ಚೂರನ್ನು ಯಂತ್ರಕ್ಕಿಟ್ಟೆ. ಗೆರೆ ಹೊರಟಿತು. ಸ್ವಲ್ಪ ಬಿಸಿ ಏರುವುದರೊಳಗೆ ನೆಂಟರ ಗುಡ್ಡ ಏಳತೊಡಗಿತು, ಏಳುತ್ತಲೇ ಹೋಯಿತು, ಪರದೆಯ ಮೇಲಂಚು ದಾಟಿತು. ಮೇಡಂ ಕುರ್ಚಿಯಿಂದ ಎದ್ದರು. ಇನ್ನೊಂದು ಚೂರು ಇಡಿಸಿದರು. ಅದೂ ಹಾಗೆಯೇ.

"ಇಷ್ಟ ಜಲಜನಕ ಹೊಸಾ ಬೋಲ್ಟಿನ್ಯಾಗ ಹ್ಯಾಂಗ ಬಂತು," ಎಂದು ತಮ್ಮಷ್ಟಕ್ಕೆ ಅಂದರು. "ಅಚ್ಚು ಹೊಯ್ಯೂವಾಗ ಕೆಡಿಸ್ಯಾರ. ಉಕ್ಕ ಖೊಟ್ಟಿ ಐತಿ. ಕಸ್ತೂರಿ, ಟ್ಯಾಂಕ್ ಖಾಲಿ ಮಾಡಿಸ್ಬೇಕು, ಈಗಿಂದೀಗ. ಇವನ್ನೆಲ್ಲಾ ಗುಜರಿಗೆ ಒಗದು ಹೊಸಾವ ತರಸ್ಬೇಕು. ಬರಲಿಕ್ಕೆ ಸಂಕ್ರಮಣ ಆಗ್ತದೋ ಏನೋ. ಅಲ್ಲೀತನಾ ಓಣಿಗೆ ಒಲಿ ಇಲ್ಲ."

ನನ್ನ ಕಣ್ಣ ಮುಂದೆ ಆ್ಯಸಿಡ್ಡಿನ ಬಕೀಟಿನ ಗುಳ್ಳೆಗಳು ಬಂದವು. ಅವು ಎಲ್ಲಿಂದ ಬಂದಿದ್ದವು, ಏನಿದ್ದವು ಎಂಬುದು ಆಗ ಹೊಳೆಯಿತು. ಬಾಯಿ ತೆರೆದೆ. ಅವ್ವ ಕುಂಕುಮ ಹಚ್ಚುತ್ತ ಆಡಿದ ಮಾತು ನೆನಪಾಯಿತು, ಅಕ್ಕನ ನಗುವೂ. ನಾನು ಹೇಳಿದರೆ ಮಾಮಾನ ಆ ಒಂದು ದಿನವನ್ನು ಕಸಿದುಕೊಂಡ ಹಾಗೆ. ಹೇಳದಿದ್ದರೆ ಓಣಿಯೆಲ್ಲ ಕಷ್ಟಪಡುತ್ತದೆ, ಉಕ್ಕು ಮಾಡಿದವರಿಗೆ ಸುಳ್ಳು ಅಪವಾದ. "ಮನಿಗೆ ಹೋಗಿ ಬರ್ತೇನ್ರಿ," ಎಂದಷ್ಟೇ ಹೇಳಿ ಬಂದೆ.

ಮಾಮಾ ರಜೆಯಲ್ಲಿದ್ದರು, ಊಟಕ್ಕೆ ಕೂತಿದ್ದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಅವ್ವನ ಮಗ್ಗ ಓಡುತ್ತಿತ್ತು. ನಾನು ಮಾಮಾನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅಷ್ಟು ಉದ್ದ ನಾನು ಎಂದೂ ಮಾತಾಡಿರಲಿಲ್ಲ.

ಮಾಮಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. "ಆ ಗುಳ್ಳಿ ಜಲಜನಕ ಏನ?"

"ಹೌದ್ರಿ. ಸ್ವಲ್ಪ ಮ್ಯಾಲೆ ಹೋತು, ಸ್ವಲ್ಪ ಒಳಗ ಹೋತು."

"ಉಕ್ಕ ಖೊಟ್ಟಿ ಇಲ್ಲ, ಹಂಗಾರ."

"ಇಲ್ರಿ."

ಮಗ್ಗದ ಸದ್ದು ನಿಂತಿತು. ಅಕ್ಕ ತವೆಯ ಮೇಲಿನ ರೊಟ್ಟಿ ಹೊರಳಿಸುವುದನ್ನು ಬಿಟ್ಟು, "ಹೇಳಿದ್ರ ಕೆಲಸದಿಂದ ತಗೀತಾರೇನ್ರಿ?" ಅಂದಳು.

"ತಗದ್ರ ತಗೀಲಿ. ಮುಂಡರಗಿ ಎಲ್ಲಿ ಹೋಗತೈತಿ." ಮಾಮಾ ಎದ್ದು ಕೈ ತೊಳೆದರು.

ಅವ್ವ ಬಾಗಿಲಿಗೆ ಬಂದಿದ್ದಳು. "ಅಳ್ಯಾರ, ಊಟ ಮುಗಿಸಿ ಹೋಗ್ರಿ."

"ಹಸಿವಿಲ್ರಿ ಅತ್ತಿ."

ನಾನು ಅವರ ಹಿಂದೆ ನಡೆದೆ. ಮಾಮಾ ಲ್ಯಾಬಿನ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ನಿಂತೇ ಹೇಳಿದರು. "ಉಕ್ಕಿನವ್ರಿಗೆ ಬೈಬ್ಯಾಡ್ರಿ ಮೇಡಂ. ನಾ ಆ್ಯಸಿಡ್‌ನ್ಯಾಗ ನೆನಿ ಇಟ್ಟಿದ್ದೆ. ಹೊಳೀಲಿ ಅಂತ."

ಮೇಡಂ ಅವರನ್ನೇ ನೋಡಿದರು. ಸಿಟ್ಟು ಬಂದದ್ದು ಮುಖದಲ್ಲಿ ಕಂಡಿತು, ಹಾಗೆಯೇ ಇಳಿದದ್ದೂ ಕಂಡಿತು. ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡರು.

"ಬೋಲ್ಟು ಬೆಳಗಬಾರದು ಅಂತ ನಾನೂ ಯಾವತ್ತೂ ಹೇಳಿಲ್ಲ ನೋಡ್ರಿ," ಅಂದರು. "ಬೆಳಗತಾರ ಅಂತ ನನ್ನ ತಲ್ಯಾಗ ಬಂದಿದ್ರ ಅಲ್ಲೇನು ಹೇಳೂದು."

"ನಿಮ್ಮ ಮನ್ಯಾಗ ಖಂಡಿ ಪೂಜಿ ಮಾಡೂದಿಲ್ಲೇನ್ರಿ?"

"ಮಾಡತೇವಿ. ಲ್ಯಾಪ್‌ಟಾಪ್ ಒರಸಿ ಕುಂಕುಮ ಹಚ್ಚತೇವಿ. ಅದನ್ನ ಬಕೀಟಿನ್ಯಾಗ ಅದ್ದೂದಿಲ್ಲ."

ಮಾಮಾ ಅರೆ ನಕ್ಕರು. ಮೇಡಂ ಗೆರೆಯ ಕಡೆ ತಿರುಗಿದರು. ಉಕ್ಕೇ ಕೆಟ್ಟಿದ್ದರೆ ಬೇರೆ ದಾರಿ ಇರಲಿಲ್ಲ, ಆ್ಯಸಿಡ್ ಎಂದರೆ ಬೇರೆ ಮಾತು ಅಂದರು. ಒಳಗಿನ ಕುಣಿಗಳೆಲ್ಲ ತುಂಬಿ, ಕೂರಲು ಜಾಗ ಸಿಗದೆ ಮಿಕ್ಕ ಜಲಜನಕವೇ ಈಗ ಬೋಲ್ಟಿನಲ್ಲಿ ಅಲೆದಾಡುತ್ತಿದೆ. ಬಿರುಕು ಬಿಡುವುದಕ್ಕೆ ಮೊದಲು ಬೋಲ್ಟನ್ನು ಹದವಾಗಿ, ಬಹಳ ಹೊತ್ತು ಕಾಸಿದರೆ ಅಲೆಯುವುದೆಲ್ಲ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಉಕ್ಕಿನ ಬಲ ಕೆಡದಷ್ಟು ಹದ. ಬಿಸ್ಕೀಟು ಬೇಯುವಷ್ಟು ಬಿಸಿ.

"ಆದರ ಲ್ಯಾಬಿನ ಕುಲುಮ್ಯಾಗ ಕಡ್ಡಿಪೆಟಗಿ ಹಿಡಸೂದ ಕಷ್ಟ," ಅಂದರು ಮೇಡಂ.

"ಖಾಜಾಸಾಬನ ಬೇಕರಿ ಭಟ್ಟಿ ಐತಲ್ರಿ," ಅಂದರು ಮಾಮಾ. "ಇಟ್ಟಂಗೀಲೆ ಕಟ್ಟಿದ್ದು. ಕಟ್ಟಿಗಿ ಉರಿಸೂದು. ಟ್ಯಾಂಕ್ ಬಂದಾದ್ರೂ ಅದು ಬಂದಾಗಂಗಿಲ್ಲ."

ಟ್ಯಾಂಕಿನಿಂದ ಜಲಜನಕವನ್ನು ಪಕ್ಕದ ಓಣಿಯ ಕೊಳವೆಗೆ ಬಿಟ್ಟರು. ಅದು ಖಾಲಿಯಾದರೂ ಬೋಲ್ಟುಗಳು ಬಿಗಿಯಾಗಿಯೇ ಇದ್ದವು. ಬಿಚ್ಚುವಾಗ ಯಾವುದಾದರೂ ತುಂಡಾದರೆ ಅದರ ತಲೆ ಗುಂಡಿನ ಹಾಗೆ ಹಾರುತ್ತದೆ. ಹೊರಗಿನ ಊರಿನಿಂದ ಯಂತ್ರದ ಪಾನಾ ತರಿಸೋಣ ಎಂದು ಮೇಡಂ ಹೇಳಿದರು. ಅದು ಬರುವುದರೊಳಗೆ ಬಿರುಕು ಬಿಟ್ಟರೆ ಎಂದು ಮಾಮಾ ಕೇಳಿದರು.

"ನಾ ಹಚ್ಚೇನಿ, ನಾನ ಬಿಚ್ಚತೇನಿ," ಅಂದರು ಮಾಮಾ.

ಮುಂದೆ ಉಕ್ಕಿನ ತಗಡು ನಿಲ್ಲಿಸಿ, ಅದರ ಹಿಂದೆ ಮೊಣಕಾಲೂರಿ, ಉದ್ದ ಹಿಡಿಕೆಯ ಪಾನಾ ಹಾಕಿದರು. ಒಂದನ್ನು ಸ್ವಲ್ಪ ಸಡಿಲಿಸುವುದು, ಎದುರಿನದನ್ನು ಸ್ವಲ್ಪ, ಮತ್ತೆ ಪಕ್ಕದ್ದು. ನಾನು ಲ್ಯಾಬಿನ ಕಿಟಕಿಯಿಂದ ನೋಡುತ್ತಿದ್ದೆ. ಬೇಲಿಯ ಹೊರಗೆ ಅವ್ವ ಬಂದು ನಿಂತಿದ್ದಳು. ಕಾವಲುಗಾರ ಹೋಗು ಎಂದು ಕೈಮಾಡುತ್ತಿದ್ದ. ಅವ್ವ ಅವನ ಕಡೆ ನೋಡಲೇ ಇಲ್ಲ.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗ ಒಂದು ಸದ್ದಾಯಿತು, ದೊಡ್ಡದೇನಲ್ಲ, ಹಣಿಗೆ ಮುರಿದಂಥ ಸದ್ದು. ತಗಡು ಗಂಟೆಯ ಹಾಗೆ ಮೊಳಗಿತು. ಮಾಮಾ ಕಾಣಲಿಲ್ಲ. ಆಮೇಲೆ ತಗಡಿನ ಮೇಲೆ ಒಂದು ಕೈ ಬಂತು, ಐದೂ ಬೆರಳು ಬಿಡಿಸಿ ಆಡಿಸಿತು. ಅವ್ವ ಬೇಲಿಯ ತಂತಿ ಹಿಡಿದು ಅಲ್ಲೇ ಕೆಳಗೆ ಕೂತಳು.

ಬಿಚ್ಚಿದ ಬೋಲ್ಟುಗಳಿಗೆ ಮೇಡಂ ಕೆಂಪು ಬಣ್ಣ ಸವರಿ ಒರೆಸಿ, ಬಿಳಿ ಪುಡಿ ಉದುರಿಸಿದರು. ಬಿರುಕಿದ್ದರೆ ಅದರೊಳಗೆ ಇಳಿದ ಬಣ್ಣ ಪುಡಿಯ ಮೇಲೆ ಕೆಂಪು ಗೆರೆಯಾಗಿ ಏಳುತ್ತದೆ. ಯಾವುದರ ಮೇಲೂ ಏಳಲಿಲ್ಲ. ತುಂಡಾದದ್ದು ಒಂದೇ, ಅದಕ್ಕೆ ಬದಲಾಗಿ ಬೆಳಗದ ಒಂದು ಬೋಲ್ಟು ಉಗ್ರಾಣದಲ್ಲಿತ್ತು.

ಕೈಗಾಡಿಯಲ್ಲಿ ಬೋಲ್ಟುಗಳು ಬೇಕರಿಗೆ ಬಂದಾಗ ಖಾಜಾಸಾಬ್ ಒಂದನ್ನು ಎತ್ತಿ ತೂಗಿ ನೋಡಿದ. "ಇದಕ್ಕ ಬೆಣ್ಣಿ ಹಚ್ಚಬೇಕೇನ್ರಿ ಮೇಡಂ?"

"ಎಣ್ಣೀನೂ ಹಚ್ಚಬ್ಯಾಡ. ಖಾರಿ ಬಿಸ್ಕೀಟ ಬೇಯಿಸೂ ಬಿಸಿ ಸಾಕು. ಆದ್ರ ಸಂಜೀತನಾ ಆ ಬಿಸಿ ಇಳೀಬಾರದು, ಏರಲೂಬಾರದು."

"ಏರಂಗಿಲ್ರಿ. ನಮ್ಮಪ್ಪ ಇದ್ರಾಗ ಕೈ ಹಾಕಿ ಎಣಿಸಿ ಬಿಸಿ ನೋಡ್ತಿದ್ದ. ನಾ ಮೀಟರ್ ಇಟ್ಟೇನಿ." ಅವನು ಬೋಲ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು ಉದ್ದ ಸಲಿಕೆಯಲ್ಲಿ ಒಳಗೆ ತಳ್ಳಿದ. "ಫಕ್ಕೀರಣ್ಣಾ, ಮುಂದಿನ ಖಂಡಿ ಪೂಜಿಗೆ ನನ್ನ ತಟ್ಟಿ ಬೆಳಗಿ ಕೊಡಪಾ. ಅವು ಮುರದ್ರೂ ನಡೀತೈತಿ."

ಮನೆಗಳಲ್ಲಿ ಒಲೆ ಇಲ್ಲದ್ದರಿಂದ ಓಣಿಯ ಜನ ಬನ್ನು, ಬ್ರೆಡ್ಡು ಎಂದು ಬಂದು ಹೋಗುತ್ತಿದ್ದರು. ಬಂದವರೆಲ್ಲ ಭಟ್ಟಿಯ ಬಾಯಿಗೆ ಬಗ್ಗಿ ನೋಡಿದರು. ಮಾಮಾ ಹೊರಗಿನ ಕಟ್ಟೆಯಲ್ಲಿ ಕೂತಿದ್ದರು. ಅಕ್ಕ ಪಕ್ಕದಲ್ಲಿ. ಅವ್ವ ಅವರು ಬಿಟ್ಟು ಬಂದ ತಟ್ಟೆಯನ್ನು ಹಾಗೆಯೇ ಅರಿವೆಯಲ್ಲಿ ಮುಚ್ಚಿ ತಂದು ಅವರ ಮುಂದಿಟ್ಟಳು. ಮಾಮಾ ತಣ್ಣಗಿನ ರೊಟ್ಟಿ ಮುರಿದು ತಿಂದರು.

ಬೋಲ್ಟುಗಳ ಜೊತೆಗೆ ಮೇಡಂ ಲ್ಯಾಬಿನ ಬೋಲ್ಟಿನ ತುಂಡುಗಳನ್ನೂ ಭಟ್ಟಿಗೆ ಇಡಿಸಿದ್ದರು. ಹೊತ್ತು ಇಳಿಯುವಾಗ ಅದರಿಂದ ಒಂದನ್ನು ನಾನು ಒಯ್ದು ಯಂತ್ರಕ್ಕಿಟ್ಟೆ. ಗೆರೆ ಹೊರಟಿತು. ನೆಂಟರ ಗುಡ್ಡ ಏಳುವ ಜಾಗ ಬಂತು, ಗೆರೆ ಸಪಾಟಾಗಿ ಸಾಗಿತು. ದೂರದಲ್ಲಿ, ಎಷ್ಟೋ ಬಿಸಿಯ ನಂತರ, ಅಳಿಯನ ಗುಡ್ಡ ನಿಧಾನ ಎದ್ದು ನಿಂತಿತು. ಮೇಡಂ ನನ್ನ ಬೆನ್ನು ತಟ್ಟಿದರು.

ಇಬ್ಬರೂ ಬೇಕರಿಗೆ ಬಂದೆವು. ಮೇಡಂ ಮೊಬೈಲಿನಲ್ಲಿ ಗೆರೆಯನ್ನು ಎಲ್ಲರಿಗೂ ತೋರಿಸಿದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು, "ಇದೊಂದು ಉಳಕೊಂಡೈತಲ್ಲಬೇ. ಇದನ್ನೂ ತಗೀಬೇಕಿತ್ತಲ್ಲ?"

"ಅದು ಇರಲೀರಿ. ಅದರ ಜಾಗಾ ಅದಕ್ಕ ಸಿಕ್ಕದ. ಯಾರಿಗೂ ತ್ರಾಸ ಇಲ್ಲ. ಅದನ್ನ ಎಬ್ಬಸ್ಬೇಕಂದ್ರ ಉಕ್ಕನ್ನ ಕರಗಿಸಿದಂಗ ಕಾಸಬೇಕು."

"ಏನಂತೀರಿ ಅದಕ್ಕ?"

ಮೇಡಂ ಮಾಮಾನ ಕಡೆ ನೋಡಿದರು. ಖಾಜಾಸಾಬ್ ಸಲಿಕೆ ಒರೆಸತೊಡಗಿದ. ಆಗ ಮಾಮಾ ತಾವೇ ಹೇಳಿದರು, "ಮನಿ ಅಳ್ಯಾ ಅಂತಾರ್ರಿ ಅತ್ತಿ."

ಅವ್ವ ಸ್ವಲ್ಪ ಹೊತ್ತು ಆ ಗೆರೆಯನ್ನೇ ನೋಡಿದಳು. "ಗುಡ್ಡದಂಗ ಕೂತೈತಿ," ಅಂದಳು.

ಅಷ್ಟರಲ್ಲಿ ಮಾಮಾನ ಫೋನು ಸದ್ದು ಮಾಡಿತು, ಮುಂಡರಗಿಯ ಅಣ್ಣ. ಮಾಮಾ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಗಟ್ಟಿ ದನಿ ನಮಗೂ ಕೇಳುತ್ತಿತ್ತು. ಬೋಲ್ಟು ಕೆಟ್ಟ ಸುದ್ದಿ ಅಲ್ಲಿಗೂ ಮುಟ್ಟಿತ್ತು. "ಕೇಳಿದೆನೋ. ಅಲ್ಲಿ ಮಂದಿ ಕಡೆ ಮಾತ ಕೇಳಕೋಂತ ಇರೂದ ಬ್ಯಾಡ, ಬಂದಬಿಡು." ಅಕ್ಕ ಬನ್ನಿನ ಕಾಗದವನ್ನು ಮಡಚುತ್ತ ಕೂತಳು, ಮತ್ತೆ ಮತ್ತೆ.

ಖಾಜಾಸಾಬ್ ತಟ್ಟೆಯನ್ನು ಹೊರಗೆ ಎಳೆದ. ಬೋಲ್ಟುಗಳ ಕನ್ನಡಿ ಹೋಗಿ ಬೆಲ್ಲದ ಬಣ್ಣ ಬಂದಿತ್ತು. ಮಾಮಾ ಫೋನು ಹಿಡಿದುಕೊಂಡೇ ಎದ್ದು ಬಂದರು, ಯಾವ ಧ್ಯಾನದಲ್ಲಿದ್ದರೋ, ಇನ್ನೊಂದು ಕೈಯಿಂದ ಒಂದು ಬೋಲ್ಟನ್ನು ಮುಟ್ಟಲು ಹೋದರು.

"ಏ ಫಕ್ಕೀರಾ," ಎಂದು ಅವ್ವ ಅವರ ಕೈಯನ್ನು ಬಡಿದು ಆಚೆ ಸರಿಸಿದಳು. "ಕಣ್ಣ ಎಲ್ಲಿ ಇಟ್ಟಿಯೋ? ಆಗಲೇ ತಲಿ ಒಡಕೊಳ್ಳತಿದ್ದಿ, ಈಗ ಕೈ ಸುಟಗೊಂಡ್ರ ನಾಳೆ ಇವನ್ನ ಯಾರ ನಿಮ್ಮಪ್ಪ ಬಿಗೀತಾನ?"

ಅಕ್ಕನ ಕೈಯಲ್ಲಿ ಕಾಗದ ನಿಂತಿತು. ಮದುವೆಯಾದಂದಿನಿಂದ ಅವ್ವ ಅವರನ್ನು ಏಕವಚನದಲ್ಲಿ ಕರೆದದ್ದನ್ನು ನಾವು ಕೇಳಿರಲಿಲ್ಲ. ಅವ್ವನಿಗೆ ಅದು ಗೊತ್ತಾದ ಹಾಗೆಯೂ ಕಾಣಲಿಲ್ಲ. ಸೆರಗಿನಿಂದ ಅವರ ಬೆರಳು ಹಿಡಿದು ತಿರುಗಿಸಿ ನೋಡುತ್ತಿದ್ದಳು.

ಫೋನಿನಲ್ಲಿ ಅಣ್ಣ ಕೇಳಿದರು, "ಯಾರೋ ಅದು, ಹಂಗ ಬೈಯಾಕತ್ತಾರ ನಿನಗ?"

"ಅವ್ವ," ಅಂದರು ಮಾಮಾ.

"ಹಂಗಾರ ನೀ ಬರೂ ಮಾತಿಲ್ಲ ಬಿಡು," ಎಂದು ಅಣ್ಣ ಫೋನು ಇಟ್ಟರು.